ಕಡಲ ಪಿಯರಿನ ಬ್ಲ್ಯಾಕ್ ಆಂಡ್ ವೈಟ್ ಫೋಟೋದಿಂದ ಜನ ಹೋಗ್ತಾ ಇಲ್ವಾ? ತಪ್ಪು ಎಲ್ಲುಂಟು ನೋಡುವ

ಕೇರಳದ ಆಲಪ್ಪುಳ ಬೀಚಿನಲ್ಲಿ ಒಂದು ಹಳೇ ಪಿಯರ್, ಅಂದ್ರೆ ಕಡಲೊಳಗೆ ಚಾಚಿದ ಸೇತುವೆ, ಉಂಟು, 1862ರಲ್ಲಿ ಕಟ್ಟಿದ್ದು, ಅಲ್ಲಿಯವರು ಕಡಲ್‌ಪಾಲಂ ಅಂತ ಹೇಳ್ತಾರೆ, ನಮ್ಮ ಕಡೆ ಹೇಳುವುದಾದ್ರೆ ಕಡಲ ಸಂಕ. ಒಂದು ಕಾಲದಲ್ಲಿ ಕಾಳುಮೆಣಸು, ತೆಂಗಿನ ನಾರಿನ ಮಾಲು ಎಲ್ಲ ಇಲ್ಲಿಂದ ಹಡಗಿಗೆ ಹೋಗ್ತಾ ಇತ್ತು, ಆಮೇಲೆ ಕೊಚ್ಚಿ ಬಂದರು ದೊಡ್ಡದಾಯ್ತು, ಇಲ್ಲಿಯ ಕೆಲಸ ಮುಗೀತು. ಈಗ ಉಳಿದಿರುವುದು ತುಕ್ಕು ಹಿಡಿದ ಕಬ್ಬಿಣದ ಕಂಬಗಳು, ಮೇಲೆ ಚೂರುಪಾರು ತೊಲೆ. ಬ್ಲ್ಯಾಕ್ ಆಂಡ್ ವೈಟಿಗೆ ಇದಕ್ಕಿಂತ ಒಳ್ಳೇದು ಬೇಕಾ ಹೇಳಿ, ಸಾಲು ಸಾಲು ಕಪ್ಪು ಕಂಬ, ಹಾಲಿನ ಹಾಗೆ ನೀರು, ಖಾಲಿ ಆಕಾಶ. ಆದ್ರೆ ಕಂಬದ ಬುಡದಲ್ಲಿ ಸಂಜೆ ಹೊತ್ತು ಜನವೋ ಜನ, ಸೆಲ್ಫಿಯವರು, ತೆರೆಗೆ ಓಡುವ ಮಕ್ಕಳು, ಅವರ ಹಿಂದೆ ಓಡುವ ಅಪ್ಪಂದಿರು, ಗಾಳ ಹಾಕಿಕೊಂಡು ಕೂತವರು.

ನಾನು ಮೊದಲ ಸಲ ಹೋದಾಗ 10 ಸ್ಟಾಪಿನ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕು ಕಮ್ಮಿ ಮಾಡುವ ಕಪ್ಪು ಗಾಜು) ಹಾಕಿ ಲಾಂಗ್ ಎಕ್ಸ್‌ಪೋಷರ್, ಅಂದ್ರೆ ಶಟರ್ ತುಂಬ ಹೊತ್ತು ತೆರೆದಿಟ್ಟು ಫೋಟೋ, ತೆಗೆದ್ರೆ ಜನ ಎಲ್ಲ ಮಾಯ ಆಗ್ತಾರೆ ಅಂತ ಯಾರೋ ಹೇಳಿದ್ದನ್ನು ನಂಬಿ ಹೋದವ, ಮನೆಗೆ ಬಂದು ನೋಡಿದ್ರೆ ಅರ್ಧ ಜನ ಮಾಯ, ಇನ್ನರ್ಧ ದೆವ್ವದ ಹಾಗೆ. ಆಮೇಲೆ ಎರಡು ಸಲ ಹೋಗಿ, ಸಾಫ್ಟ್‌ವೇರಲ್ಲಿ ರಾತ್ರಿ ಎರಡು ಗಂಟೆವರೆಗೆ ಕೂತು, ಮಂಡೆ ಬಿಸಿ ಮಾಡಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮಗೆ ಯಾವ ಥರ ಹಾಳಾಗಿದೆ ಅಂತ ಮೊದಲು ನೋಡಿ, ಅದರ ಪ್ರಕಾರ ಕೆಳಗೆ ಓದಿ.

ಎಲ್ಲಕ್ಕಿಂತ ಮೊದಲು ಈ ಒಂದು ಕೆಲಸ ಮಾಡಿ

ಫೋಟೋಶಾಪ್ ತೆರೆಯುವ ಮೊದಲೇ ತೆಗೆದ ಫ್ರೇಮುಗಳನ್ನು ಒಂದೊಂದಾಗಿ ನೋಡಿ, ಆ್ಯರೋ ಕೀ ಒತ್ತಿಕೊಂಡು ಮುಂದೆ ಹಿಂದೆ ಮಾಡಿದ್ರೆ ಸಾಕು. ಉಳಿದಿರುವ ಮನುಷ್ಯ ಯಾವ ಜಾತಿಯವ ಅಂತ ಗೊತ್ತಾಗಬೇಕು. ಜಾತಿ ಮೂರೇ: ನಡೆಯುವವ, ನಿಂತು ನಿಂತು ಹೋಗುವವ, ಕೂತವ. ಮೂವರಿಗೂ ಮದ್ದು ಬೇರೆ ಬೇರೆ, ಒಬ್ಬನ ಮದ್ದು ಇನ್ನೊಬ್ಬನಿಗೆ ಕೊಟ್ರೆ ಗುಣ ಆಗುವುದಿಲ್ಲ, ಹೆಚ್ಚಿನವರು ತಪ್ಪುವುದು ಇಲ್ಲೇ. ನಾನೂ ಕೂತವನನ್ನು ತೆಗೀಲಿಕ್ಕೆ ಅಂತ ಎಕ್ಸ್‌ಪೋಷರ್ ಟೈಮ್ ಜಾಸ್ತಿ ಮಾಡ್ತಾ ಹೋದೆ, ಅವ ಇನ್ನೂ ಚೆಂದ ಬಂದ.

ಒಂದೇ ಲಾಂಗ್ ಎಕ್ಸ್‌ಪೋಷರ್, ಜನ ಹೊಗೆಯ ಹಾಗೆ ಬಂದಿದ್ದಾರೆ

ಇದಕ್ಕೆ ಕಾರಣ ಬರೀ ಲೆಕ್ಕ. ಸಂಜೆ ಕ್ಯಾಮೆರಾದ ಸೆಟ್ಟಿಂಗ್ ಐಎಸ್‌ಒ 100, ಎಫ್ 11 ಇಟ್ಟು ಫಿಲ್ಟರ್ ಇಲ್ಲದೆ ಎಕ್ಸ್‌ಪೋಷರ್ ಟೈಮ್ ಸೆಕೆಂಡಿನ 30ನೇ ಒಂದು ಭಾಗ ಬರ್ತಾ ಇದ್ರೆ 10 ಸ್ಟಾಪ್ ಫಿಲ್ಟರಿಗೆ (ಒಂದೊಂದು ಸ್ಟಾಪಿಗೂ ಟೈಮ್ ಎರಡು ಪಟ್ಟು) ಅದು 1024 ಪಟ್ಟು, ಅಂದ್ರೆ ಸುಮಾರು 34 ಸೆಕೆಂಡ್. ಅಡ್ಡ ನಡೆಯುವ ಮನುಷ್ಯ ತನ್ನ ಮೈಯಷ್ಟು ಜಾಗ ದಾಟಲಿಕ್ಕೆ ಅಂದಾಜಿ ಅರ್ಧ ಸೆಕೆಂಡ್ ತಗೊಳ್ತಾನೆ, 34ರಲ್ಲಿ ಅರ್ಧ ಅಂದ್ರೆ ಒಂದೂವರೆ ಪರ್ಸೆಂಟ್, ಕಣ್ಣಿಗೆ ಕಾಣುವುದಿಲ್ಲ. ಅದೇ ಮನುಷ್ಯ ಫೋನ್ ತೆಗೆದು ಐದು ಸೆಕೆಂಡ್ ನಿಂತ ಅಂತ ಇಟ್ಟುಕೊಳ್ಳಿ, 15 ಪರ್ಸೆಂಟ್ ಆಯ್ತು, ಅದು ಕಾಣ್ತದೆ.

ಇಲ್ಲಿ ಇನ್ನೊಂದು ವಿಷಯ ಉಂಟು, ಯಾರೂ ಸರಿಯಾಗಿ ಹೇಳುವುದಿಲ್ಲ. ಬಿಳಿ ನೀರಿನ ಎದುರು ಕಪ್ಪು ಶರ್ಟಿನವ ಐದು ಸೆಕೆಂಡ್ ನಿಂತ್ರೆ ಆ ಜಾಗ ಹೆಚ್ಚಂದ್ರೆ 15 ಪರ್ಸೆಂಟ್ ಕಪ್ಪಾಗ್ತದೆ, ಅಷ್ಟೇ. ಆದ್ರೆ ಕಪ್ಪು ಕಂಬದ ಎದುರು ಬಿಳಿ ಮುಂಡು ಉಟ್ಟವರು ನಿಂತ್ರೆ ಕತೆ ಬೇರೆ, ಮುಂಡು ಕಂಬಕ್ಕಿಂತ ಹತ್ತು ಪಟ್ಟು ಬೆಳ್ಳಗೆ ಇದ್ರೆ ಅದೇ ಐದು ಸೆಕೆಂಡಲ್ಲಿ ಕಂಬದ ಆ ಭಾಗ ಎರಡು ಪಟ್ಟಿಗಿಂತ ಜಾಸ್ತಿ ಬೆಳ್ಳಗಾಗ್ತದೆ. ನಿಲ್ಲದೆ ಸುಮ್ಮನೆ ದಾಟಿ ಹೋದ್ರೂ 13 ಪರ್ಸೆಂಟ್ ಬೆಳ್ಳಗೆ. ಕೇರಳದ ಬೀಚಲ್ಲಿ ಬಿಳಿ ಮುಂಡಿಗೆ ಬರಗಾಲ ಇಲ್ಲ, ಹಾಗಾಗಿ ನೀರಿನ ಎದುರು ಇರುವ ಜನರ ಬಗ್ಗೆ ಚಿಂತೆ ಬಿಡಿ, ಕಂಬದ ಎದುರು ಯಾರು ಬರ್ತಾರೆ ಅದನ್ನು ನೋಡ್ತಾ ಇರಿ.

ನಿಮ್ಮ ಕಡೆಗೆ ನೇರ ನಡೆದು ಬರುವವರು ಕೂಡ ಹೋಗುವುದಿಲ್ಲ ಯಾಕಂದ್ರೆ ಫ್ರೇಮಲ್ಲಿ ಅವರು ಒಂದೇ ಜಾಗದಲ್ಲಿ ಇರ್ತಾರೆ, ಸ್ವಲ್ಪ ಸ್ವಲ್ಪ ದೊಡ್ಡದಾಗ್ತಾ ಬರ್ತಾರೆ ಅಷ್ಟೇ. ಪಿಯರಿನ ಸಾಲಿನ ಉದ್ದಕ್ಕೆ ಕ್ಯಾಮೆರಾ ಇಟ್ಟು, ಕಂಬಗಳು ದೂರ ಹೋಗಿ ಒಂದು ಚುಕ್ಕೆಯಲ್ಲಿ ಸೇರುವ ಫೋಟೋ ತೆಗೆಯುವವರಿಗೆ ಈ ರೋಗ ಖಂಡಿತ. ನಾಲ್ಕು ಹೆಜ್ಜೆ ಬದಿಗೆ ಹೋಗಿ ಓರೆ ಮಾಡಿ ತೆಗೆದ್ರೆ ಅರ್ಧ ಗುಣ.

ಮದ್ದು: ಇನ್ನೊಂದು 6 ಸ್ಟಾಪ್ ಫಿಲ್ಟರ್ ಸೇರಿಸಿದ್ರೆ 34 ಸೆಕೆಂಡ್ ಇದ್ದದ್ದು 36 ನಿಮಿಷ ಆಗ್ತದೆ, ಅಷ್ಟರಲ್ಲಿ ಸೂರ್ಯ ಮುಳುಗಿ ಆಗಿರ್ತದೆ, ಬೇಡ. ಅದರ ಬದಲು 3 ಸ್ಟಾಪ್ ಸೇರಿಸಿ ನಾಲ್ಕೂವರೆ ನಿಮಿಷ ಮಾಡಬಹುದು. ನನ್ನ ಕೇಳಿದ್ರೆ ಒಂದೇ ಫ್ರೇಮಲ್ಲಿ ಎಲ್ಲ ಆಗಬೇಕು ಅನ್ನುವ ಹಠವೇ ಬೇಡ, 34 ಸೆಕೆಂಡಿನದ್ದೇ 15 ತೆಗೆದು ಮೀಡಿಯನ್ ಮಾಡಿ.

ಮೀಡಿಯನ್ ಮಾಡಿದೆ, ಆದ್ರೂ ಒಬ್ಬ ಉಳಿದಿದ್ದಾನೆ

ಮೀಡಿಯನ್ ಅಂದ್ರೆ ಎಂತ ಅಂತ ಗೊತ್ತಿದ್ರೆ ಇದು ಯಾಕೆ ಅಂತ ಆಗಲೇ ಗೊತ್ತಾಗ್ತದೆ. 15 ಫ್ರೇಮ್ ಉಂಟು ಅಂತಾದ್ರೆ ಪ್ರತಿ ಪಿಕ್ಸೆಲಿಗೆ 15 ಬೆಲೆ ಸಿಗ್ತದೆ, ಅದನ್ನು ಕಪ್ಪಿಂದ ಬಿಳಿಗೆ ಸಾಲಾಗಿ ನಿಲ್ಲಿಸಿ ಮಧ್ಯದ 8ನೆಯದ್ದನ್ನು ತಗೊಳ್ಳುವುದು. ಅಂದ್ರೆ ಆ ಜಾಗ ಕನಿಷ್ಠ 8 ಫ್ರೇಮಲ್ಲಿ ಖಾಲಿ ಇರಬೇಕು. ಗಾಳದವರು 9 ಫ್ರೇಮಲ್ಲಿ ಕೂತಿದ್ರೆ ಬಹುಮತ ಅವರದ್ದು, ಅವರೇ ಗೆದ್ರು.

ಇದು ಹೊಸ ಕಾಯಿಲೆ ಅಲ್ಲ. 1838ರಲ್ಲಿ ಫೋಟೋ ತೆಗೆಯುವುದನ್ನು ಶುರು ಮಾಡಿದವರಲ್ಲಿ ಒಬ್ಬನಾದ ಡಾಗೇರ್ ಪ್ಯಾರಿಸ್ಸಿನ ಒಂದು ರಸ್ತೆಯ ಫೋಟೋ ತೆಗೆದ, ಎಕ್ಸ್‌ಪೋಷರ್ ಕೆಲವು ನಿಮಿಷ, ರಸ್ತೆಯ ಗಾಡಿ ಕುದುರೆ ಎಲ್ಲ ಮಾಯ, ಆದ್ರೆ ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸ್ತಾ ನಿಂತವ ಒಬ್ಬ ಮಾತ್ರ ಹಾಗೇ ಉಳಿದ. ಅವನಿಗೆ ಅದು ಪುಣ್ಯ, ಫೋಟೋದಲ್ಲಿ ಕಂಡ ಮೊದಲ ಮನುಷ್ಯರಲ್ಲಿ ಒಬ್ಬ ಅಂತ ಹೆಸರಾಯ್ತು, ನಮಗೆ ತಲೆನೋವು.

ಮದ್ದು ಎಂತ ಅಂದ್ರೆ ಫ್ರೇಮುಗಳ ಮಧ್ಯ ಗ್ಯಾಪ್ ಕೊಡಿ. ಎಷ್ಟು ಫ್ರೇಮ್ ಅನ್ನುವುದಕ್ಕಿಂತ ಎಷ್ಟು ಹೊತ್ತು ಅನ್ನುವುದು ಮುಖ್ಯ. ಒಂದು ನಿಮಿಷದಲ್ಲಿ ಪಟಪಟ ಅಂತ 30 ಫ್ರೇಮ್ ಹೊಡೆದ್ರೆ ಸೆಲ್ಫಿಯವರು 30ರಲ್ಲೂ ಇರ್ತಾರೆ, ಅದೇ ಎಂಟು ನಿಮಿಷದಲ್ಲಿ 15 ತೆಗೆದ್ರೆ ಅವರು ನಾಲ್ಕರಲ್ಲಿ ಇರಬಹುದು. ಕೂತವರಿಗೆ ಇದೂ ಸಾಲದು. ಅವರಿಗೆ ಮದ್ದು ಒಂದೇ, ಹೋಗಿ ಕೇಳುವುದು. "ಚೇಟ್ಟಾ, ಒರು ಮಿನಿಟ್ಟ್" (ಅಣ್ಣಾ, ಒಂದು ನಿಮಿಷ) ಅಂತ ಮಲಯಾಳದಲ್ಲಿ ನಗಾಡಿಕೊಂಡು ಹೇಳಿದ್ರೆ ನೂರಕ್ಕೆ ತೊಂಬತ್ತು ಮಂದಿ ಎದ್ದು ಬದಿಗೆ ಹೋಗ್ತಾರೆ, ಕೆಲವರು ಬಂದು ಕ್ಯಾಮೆರಾದ ಹಿಂದೆ ನಿಂತು ನೋಡ್ತಾರೆ ಕೂಡ. ಆ ಒಂದು ನಿಮಿಷದಲ್ಲಿ ತೆಗೆದ ಒಂದು ಖಾಲಿ ಫ್ರೇಮ್ ಇದ್ರೆ ಮೀಡಿಯನ್ನಿನ ಮೇಲೆ ಅದನ್ನು ಲೇಯರ್ ಆಗಿ ಇಟ್ಟು ಅವರು ಕೂತ ಜಾಗ ಮಾತ್ರ ಮಾಸ್ಕಲ್ಲಿ (ಲೇಯರಿನ ಬೇಕಾದಷ್ಟೇ ಭಾಗ ತೋರಿಸುವ ಪರದೆ) ತೆರೆದ್ರೆ ಆಯ್ತು. ಗಾಳ ಹಾಕಿ ದುಡಿಯುವವರನ್ನು ಮಾತ್ರ ಏಳಿಸಬೇಡಿ, ಅದು ಅವರ ಹೊಟ್ಟೆಪಾಡು, ನಮ್ಮದು ಶೋಕಿ.

ಮೀಡಿಯನ್ ಎಲ್ಲಿ ಸಿಗ್ತದೆ ಅಂತ ಗೊತ್ತಿಲ್ಲದವರಿಗೆ: ಫೋಟೋಶಾಪಲ್ಲಿ ಫೈಲ್ ಮೆನುವಿನ ಸ್ಕ್ರಿಪ್ಟ್ಸ್ ಒಳಗೆ ಸ್ಟ್ಯಾಟಿಸ್ಟಿಕ್ಸ್ ಅಂತ ಉಂಟು, ಅಲ್ಲಿ ಮೀಡಿಯನ್ ಆಯ್ಕೆ ಮಾಡಿ. ಅಫಿನಿಟಿಯಲ್ಲಿ ನ್ಯೂ ಸ್ಟ್ಯಾಕ್. ಗಿಂಪ್ ಇರುವವರು ಜಿಮಿಕ್ ಪ್ಲಗಿನ್ ಹಾಕಿಕೊಂಡ್ರೆ ಅದರಲ್ಲಿ ಲೇಯರ್ ಬ್ಲೆಂಡ್ ಮೀಡಿಯನ್ ಉಂಟು, ದುಡ್ಡು ಬೇಡ.

ಮನುಷ್ಯ ಹೋದ, ಆದ್ರೆ ಅವ ನಿಂತ ಜಾಗದಲ್ಲಿ ಮಸುಕು ಕಲೆ ಉಂಟು

ಇದು ನನ್ನ ಒಂದು ವಾರ ತಿಂದ ರೋಗ. 15ರಲ್ಲಿ 5 ಫ್ರೇಮಲ್ಲಿ ಮಾತ್ರ ಮನುಷ್ಯ ಇದ್ದ, ಲೆಕ್ಕದ ಪ್ರಕಾರ ಪೂರ್ತಿ ಹೋಗಬೇಕು, ಹೋಗಿದ್ದಾನೆ ಕೂಡ, ಆದ್ರೆ ದೂರದಿಂದ ನೋಡಿದ್ರೆ ಮನುಷ್ಯಾಕಾರದ ತೆಳು ನೆರಳು. ಕಾರಣ ಸಂಜೆಯ ಬೆಳಕು. ಎಂಟು ನಿಮಿಷದಲ್ಲಿ ಬೆಳಕು ಇಳೀತಾ ಇರ್ತದೆ, ಮೊದಲ ಫ್ರೇಮ್ ಬೆಳ್ಳಗೆ ಕೊನೆಯದ್ದು ಕಪ್ಪು. ಖಾಲಿ ಜಾಗದಲ್ಲಿ ಸಾಲಿನ 8ನೆಯದ್ದು ಅಂದ್ರೆ ಸರಿಯಾದ ಮಧ್ಯದ್ದು. ಮನುಷ್ಯ ನಿಂತ ಜಾಗದಲ್ಲಿ ಸಾಲಿನ ಮೊದಲ 5 ಕಪ್ಪು ಬೆಲೆಗಳು ಅವನದ್ದು, ಹಾಗಾಗಿ 8ನೆಯದ್ದು ಅಂದ್ರೆ ಖಾಲಿ ಹತ್ತರಲ್ಲಿ ಮೂರನೇ ಕಪ್ಪು. ಸುತ್ತ ಇರುವುದಕ್ಕಿಂತ ಸ್ವಲ್ಪ ಕಪ್ಪು ಬಂತು, ಅದೇ ಕಲೆ.

ಮೀಡಿಯನ್ ಮಾಡುವ ಮೊದಲು ರಾ ಫೈಲುಗಳ (ಕ್ಯಾಮೆರಾ ತಿದ್ದದೆ ಹಾಗೇ ಕೊಡುವ ಫೈಲು) ಬೆಳಕು ಒಂದೇ ಮಟ್ಟಕ್ಕೆ ತನ್ನಿ. ಲೈಟ್‌ರೂಮಲ್ಲಿ ಮ್ಯಾಚ್ ಟೋಟಲ್ ಎಕ್ಸ್‌ಪೋಷರ್ಸ್ ಉಂಟು, ಆದ್ರೆ ಅದು ಕ್ಯಾಮೆರಾದ ಸೆಟ್ಟಿಂಗ್ ಮಾತ್ರ ನೋಡ್ತದೆ, ಆಕಾಶ ಕಪ್ಪಾದದ್ದು ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಕೈಯಾರೆ ಆಕಾಶದ ಒಂದೇ ಜಾಗ ನೋಡಿಕೊಂಡು ಸ್ಲೈಡರ್ ಎಳೆಯುವುದೇ ಸರಿ. ತೆಗೆಯುವಾಗ ಎಲ್ಲ ಮ್ಯಾನುವಲ್ಲಲ್ಲಿ ಇರಲಿ, ವೈಟ್ ಬ್ಯಾಲೆನ್ಸ್, ಫೋಕಸ್ ಸಮೇತ.

ಜನ ಹೋದ್ರು ಸರಿ, ನೀರು ಒಟ್ರಾಸಿ ಆಯ್ತು

ಸಣ್ಣ ಶಟರಲ್ಲಿ, ಉದಾಹರಣೆಗೆ ಫಿಲ್ಟರ್ ಇಲ್ಲದೆ ಸೆಕೆಂಡಿನ 60ನೇ ಒಂದು ಭಾಗದಲ್ಲಿ ತೆಗೆದ ಫ್ರೇಮುಗಳನ್ನು ಮೀಡಿಯನ್ ಮಾಡಿದ್ರೆ ನೀರು ಹಾಲೂ ಆಗುವುದಿಲ್ಲ ತೆರೆಯೂ ಆಗುವುದಿಲ್ಲ, ಹರಿದ ಬಟ್ಟೆಯ ಹಾಗೆ ಆಗ್ತದೆ, ನೊರೆ ಬಹಳ ಸಲ ಪೂರ್ತಿ ಕಾಣೆ ಆಗ್ತದೆ ಯಾಕಂದ್ರೆ ನೊರೆಯೂ ಮನುಷ್ಯರ ಹಾಗೇ ಬಂದು ಹೋಗುವುದು ತಾನೆ, ಮೀಡಿಯನ್ನಿಗೆ ಎರಡೂ ಒಂದೇ.

ಒಂದೇ ಸ್ಟ್ಯಾಕನ್ನು, ಅಂದ್ರೆ ಅದೇ ಫ್ರೇಮುಗಳ ಕಟ್ಟನ್ನು, ಎರಡು ಸಲ ಮಾಡಿ, ಒಂದು ಮೀಡಿಯನ್, ಒಂದು ಮೀನ್, ಅಂದ್ರೆ ಸರಾಸರಿ. ಸರಾಸರಿಯಲ್ಲಿ ನೀರು ನಿಜವಾದ ಲಾಂಗ್ ಎಕ್ಸ್‌ಪೋಷರಿನ ಹಾಗೆ ನುಣ್ಣಗೆ ಬರ್ತದೆ, ಜನ ಮಾತ್ರ ದೆವ್ವ ಆಗಿ ಉಳೀತಾರೆ. ನೀರಿಗೆ ಮೀನ್, ಕಂಬ ಮತ್ತು ಹೊಯ್ಗೆಗೆ ಮೀಡಿಯನ್, ಮಧ್ಯದಲ್ಲಿ ಮೆತ್ತಗಿನ ಬ್ರಶ್ಶಲ್ಲಿ ಮಾಸ್ಕ್. ನೀರಲ್ಲಿ ಮೊಣಕಾಲವರೆಗೆ ನಿಂತವರು ಇದ್ರೆ ಅಲ್ಲಿ ಮಾತ್ರ ಮೀಡಿಯನ್ ತೇಪೆ ಹಾಕಿ.

ಕಂಬ ಎರಡೆರಡಾಗಿ ಬಂದಿದೆ

ಟ್ರೈಪಾಡ್ ಇಳಿದಿದೆ ಮಾರಾಯ್ರೆ, ಬೇರೆ ಎಂತದ್ದೂ ಅಲ್ಲ. ಒದ್ದೆ ಹೊಯ್ಗೆಯಲ್ಲಿ ಒಂದೊಂದು ತೆರೆ ಬಂದು ಹೋಗುವಾಗಲೂ ಕಾಲಿನ ಸುತ್ತ ಹೊಯ್ಗೆ ಕೊರೀತದೆ, ನಿಮ್ಮ ಕಾಲ ಕೆಳಗೇ ಕುಸಿಯುವುದಿಲ್ವಾ, ಹಾಗೆ. ಮೊದಲೇ ಮೂರೂ ಕಾಲನ್ನು ಅಲ್ಲಾಡಿಸಿ ಅಲ್ಲಾಡಿಸಿ ಗೇಣುದ್ದ ಒಳಗೆ ಇಳಿಸಿ, ಎರಡು ತೆರೆ ಹೋಗುವವರೆಗೆ ಕಾದು, ಲೆವೆಲ್ ನೋಡಿ, ಆಮೇಲೆ ಶುರು ಮಾಡಿ. ಒಣ ಹೊಯ್ಗೆಯಲ್ಲಿ ಹಾಗಲ್ಲ, ಅಲ್ಲಿ ಕಾಲಿನ ಕೆಳಗೆ ಅಗಲದ ಎಂತಾದ್ರೂ ಬೇಕು, ನಾನು ತೆಂಗಿನ ಕರಟ ಮೂರು ಕವುಚಿ ಹಾಕ್ತೇನೆ, ಬೀಚಲ್ಲೇ ಸಿಗ್ತದೆ. ಮನೆಗೆ ಬಂದ ಕೂಡಲೇ ಕಾಲುಗಳನ್ನು ಸಿಹಿನೀರಲ್ಲಿ ತೊಳೆಯಲಿಕ್ಕೆ ಮರೆತ್ರೆ ಮುಂದಿನ ಸಲ ಲಾಕ್ ತೆರೆಯುವುದಿಲ್ಲ.

ಆಟೋ ಅಲೈನ್ ಹಾಕಿದ್ರೂ ಕಂಬ ಎರಡಾಗಿದ್ರೆ ಸಾಫ್ಟ್‌ವೇರ್ ತೆರೆಗಳನ್ನು ಹಿಡಿದು ಜೋಡಿಸ್ಲಿಕ್ಕೆ ನೋಡಿದೆ ಅಂತ ಅರ್ಥ, ಫ್ರೇಮಲ್ಲಿ ನೀರು ಜಾಸ್ತಿ ಇದ್ದಾಗ ಹೀಗೆ ಆಗ್ತದೆ. ಎರಡು ಲೇಯರಿಗೆ ಡಿಫರೆನ್ಸ್ ಮೋಡ್ ಹಾಕಿ ಕಂಬ ಪೂರ್ತಿ ಕಪ್ಪಾಗುವವರೆಗೆ ಕೈಯಿಂದಲೇ ಸರಿಸಿ. ಇನ್ನು ಕಂಬ ಸರಿ ಉಂಟು, ಅದರ ನೆರಳು ಮಾತ್ರ ಡಬಲ್ ಅಂತಾದ್ರೆ ಅದು ಸೂರ್ಯನ ಕೆಲಸ, ಹತ್ತು ನಿಮಿಷಕ್ಕೆ ಎರಡೂವರೆ ಡಿಗ್ರಿ ಸರೀತಾನೆ. ಬಿಸಿಲು ಇರುವಾಗ ಐದು ನಿಮಿಷದ ಒಳಗೆ ಮುಗಿಸಿ, ಮೋಡ ಇದ್ರೆ ಎಷ್ಟು ಹೊತ್ತಾದ್ರೂ ತಗೊಳ್ಳಿ.

ಮನುಷ್ಯ ಇಲ್ಲ, ಅವನ ಪ್ರತಿಬಿಂಬ ಉಂಟು

ನಗಬೇಡಿ, ನಾನು ಹೀಗೆ ಪ್ರಿಂಟ್ ಹಾಕಿಸಿ ತಂಗಿಗೆ ತೋರಿಸಿದ್ದೇನೆ, ಅವಳೇ ಕಂಡುಹಿಡಿದದ್ದು, "ಅಣ್ಣಾ ಇದು ಯಾರದ್ದು ಕಾಲು" ಅಂತ. ತೆರೆ ಹಿಂದೆ ಹೋದಾಗ ಒದ್ದೆ ಹೊಯ್ಗೆ ಕನ್ನಡಿ ಆಗ್ತದೆ, ಮನುಷ್ಯ ಎಷ್ಟು ಎತ್ತರವೋ ಅಷ್ಟೇ ಉದ್ದ ಅವನ ತಲೆಕೆಳಗಾದ ಚಿತ್ರ ಕೆಳಗೆ ಬೀಳ್ತದೆ. ಕ್ಲೋನ್ ಮಾಡಿ, ಅಂದ್ರೆ ಪಕ್ಕದ ತುಂಡು ನಕಲು ಮಾಡಿ ಮುಚ್ಚಿ, ಮನುಷ್ಯನನ್ನು ತೆಗೆಯುವವರು ಕೆಳಗಿನದ್ದನ್ನು ಮರೆಯುವುದು ಜಾಸ್ತಿ. ಫೋಟೋವನ್ನು ಉಲ್ಟಾ ತಿರುಗಿಸಿ ಒಂದು ಸಲ ನೋಡಿ, ಕೂಡಲೇ ಕಣ್ಣಿಗೆ ಬೀಳ್ತದೆ. ಹೆಜ್ಜೆ ಗುರುತಿಗೂ ಇದೇ ಮಾತು, ಎಂಟು ನಿಮಿಷದಲ್ಲಿ ಮೊದಲ ಎರಡು ನಿಮಿಷಕ್ಕೆ ಯಾರೋ ನಡೆದು ಹೋಗಿದ್ರೆ ಅವ ಹೋದ್ರೂ ಹೆಜ್ಜೆ ಉಳಿದ ಎಲ್ಲ ಫ್ರೇಮಲ್ಲಿ ಇರ್ತದೆ, ಬಹುಮತ ಹೆಜ್ಜೆಯದ್ದು.

ಬಣ್ಣದಲ್ಲಿ ಸರಿ ಇತ್ತು, ಬ್ಲ್ಯಾಕ್ ಆಂಡ್ ವೈಟ್ ಮಾಡಿದ ಮೇಲೆ ತೇಪೆ ಕಾಣ್ತಾ ಉಂಟು

ಇದಕ್ಕೆ ಮೂರು ಕಾರಣ, ನೋಡಬೇಕಾದ ಕ್ರಮದಲ್ಲೇ ಹೇಳ್ತೇನೆ. ಮೊದಲನೇದು ಗ್ರೇನ್. 15 ಫ್ರೇಮಿನ ಮೀಡಿಯನ್ನಲ್ಲಿ ನಾಯ್ಸ್, ಅಂದ್ರೆ ಚುಕ್ಕೆ ಚುಕ್ಕೆ ಒರಟು, ಬಹಳ ಕಮ್ಮಿ ಇರ್ತದೆ, ನೀವು ಅದರ ಮೇಲೆ ಒಂದೇ ಫ್ರೇಮಿನ ತುಂಡು ಅಂಟಿಸಿದ್ರೆ ಆ ತುಂಡು ಮಾತ್ರ ಒರಟು. ಕ್ಲೋನ್, ಹೀಲಿಂಗ್ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಇಡೀ ಫೋಟೋಗೆ ಒಂದೇ ಸಮ ಗ್ರೇನ್ ಹಾಕಿ, ಮೊದಲೇ ಹಾಕಿದ್ರೆ ಕ್ಲೋನ್ ಮಾಡಿದಲ್ಲಿ ಅದೂ ಕಲಸಿ ಹೋಗ್ತದೆ.

ಎರಡನೇದು ನೀಲಿ ಸ್ಲೈಡರ್. ಆಕಾಶ ಕಡುಕಪ್ಪು ಆಗಬೇಕು ಅಂತ ಬ್ಲೂ ಸ್ಲೈಡರನ್ನು ಪೂರ್ತಿ ಎಡಕ್ಕೆ ಎಳೆಯುವುದು ಎಲ್ಲರ ಚಟ, ನನ್ನದೂ. ನೀಲಿ ಚಾನೆಲಲ್ಲಿ ನಾಯ್ಸ್ ಜಾಸ್ತಿ, ಎಳೆದ ಕೂಡಲೇ ಆಕಾಶ ಹೊಪ್ಪಳೆ ಬಂದ ಹಾಗೆ ಆಗ್ತದೆ, ಕಂಬದ ಅಂಚಿಗೆ ಬಿಳಿ ಗೆರೆ ಬರ್ತದೆ. ಅರ್ಧ ಎಳೆದು ಉಳಿದದ್ದನ್ನು ಗ್ರೇಡಿಯಂಟ್ ಮಾಸ್ಕಲ್ಲಿ ಕಪ್ಪು ಮಾಡಿ.

ಮೂರನೇದು 8 ಬಿಟ್. 8 ಬಿಟ್ಟಲ್ಲಿ ಕಪ್ಪಿಂದ ಬಿಳಿಗೆ 256 ಮೆಟ್ಟಿಲು, 14 ಬಿಟ್ಟಿನ ರಾ ಫೈಲಲ್ಲಿ 16,384. ಬಣ್ಣದ ಫೋಟೋದಲ್ಲಿ ಮೂರು ಚಾನೆಲ್ ಸೇರಿ ಮೆಟ್ಟಿಲು ಮುಚ್ಚಿ ಹೋಗ್ತದೆ, ಬೂದು ಮಾತ್ರ ಇರುವಲ್ಲಿ ನುಣುಪಾದ ಆಕಾಶ ಪಟ್ಟಿ ಪಟ್ಟಿ ಆಗಿ ಕಾಣ್ತದೆ. ಜೆಪೆಗ್‌ನಲ್ಲಿ ಶುರು ಮಾಡಿದ್ದಾದ್ರೆ ಇಲ್ಲಿಗೆ ಬಿಡಿ, ರಾ ಇದ್ರೆ 16 ಬಿಟ್ಟಲ್ಲಿ ಮೊದಲಿಂದ ಮಾಡಿ.

ಮತ್ತೆ ಜನರನ್ನು ತೆಗೆಯುವ ಕೆಲಸ ಪೂರ್ತಿ ಬಣ್ಣದಲ್ಲೇ ಮುಗಿಸಿ. ಕೆಂಪು ಚೂಡಿದಾರ, ಹಳದಿ ಬಲೂನು ಬಣ್ಣದಲ್ಲಿ ಇರುವಾಗ ಒಂದೇ ಕ್ಲಿಕ್ಕಿಗೆ ಸೆಲೆಕ್ಟ್ ಆಗ್ತದೆ, ಬೂದು ಆದ ಮೇಲೆ ಅದನ್ನು ತುಕ್ಕಿನ ಕಂಬದಿಂದ ಬಿಡಿಸುವುದು ಭಗವಂತನಿಗೂ ಕಷ್ಟ.

ಮೊಬೈಲಿನ ಇರೇಸರಲ್ಲಿ ತೆಗೆದೆ, ಕಂಬವೇ ಬದಲಾಯ್ತು

ಮ್ಯಾಜಿಕ್ ಇರೇಸರೋ ಇನ್ನೊಂದೋ, ಎಲ್ಲ ಮಾಡುವುದು ಊಹೆ. ಹೊಯ್ಗೆಯಲ್ಲಿ ದೂರ ಇರುವ ಸಣ್ಣ ಮನುಷ್ಯರಿಗೆ ಭಾರಿ ಒಳ್ಳೇದು, ನಾನೂ ಉಪಯೋಗಿಸ್ತೇನೆ. ಕಂಬಕ್ಕೆ ತಾಗಿ ನಿಂತವರನ್ನು ಅಳಿಸಿದ್ರೆ ಕಂಬದ ಬುಡ ಎಲ್ಲಿ ನೀರಿಗೆ ಇಳೀತದೆ ಅಂತ ಅದಕ್ಕೆ ಹೇಗೆ ಗೊತ್ತು, ಪಕ್ಕದ ಕಂಬ ನೋಡಿ ಅಂದಾಜಿಯಲ್ಲಿ ಒಂದು ಬರೀತದೆ, ತುಕ್ಕಿನ ತೂತು ಸಮೇತ ಎರಡು ಕಂಬ ಅವಳಿ ಜವಳಿ ಆಗ್ತದೆ. ತಲೆ ಹೊರೈಝನ್ ಲೈನ್ ದಾಟಿದ್ರೆ ಲೈನ್ ಅಲ್ಲಿ ಬಗ್ಗುತ್ತದೆ. ಮನುಷ್ಯನನ್ನು ಒಂದೇ ಸಲ ಅಳಿಸದೆ ತಲೆ ಬೇರೆ, ಮೈ ಬೇರೆ, ಕಾಲು ಬೇರೆ ಮಾಡಿ ಅಳಿಸಿ ನೋಡಿ, ಸುಮಾರು ಪರವಾಗಿಲ್ಲ.

ಉಳಿದ ಚಿಲ್ಲರೆ ರೋಗಗಳು ಬೇಗ ಹೇಳಿ ಬಿಡ್ತೇನೆ. ಆಕಾಶದಲ್ಲಿ ದೊಡ್ಡ ಇಂಟು ಮಾರ್ಕಿನ ಹಾಗೆ ಕಪ್ಪು ಬಂದ್ರೆ ಅದು ವೇರಿಯಬಲ್ ಎನ್‌ಡಿ ಫಿಲ್ಟರಿನ ಗುಣ, ವೈಡ್ ಲೆನ್ಸಲ್ಲಿ ಪೂರ್ತಿ ತಿರುಗಿಸಿದ್ರೆ ಬರ್ತದೆ, ಸ್ವಲ್ಪ ಹಿಂದೆ ತಿರುಗಿಸಿ. ಡಿಎಸ್‌ಎಲ್‌ಆರಲ್ಲಿ ಮಧ್ಯದಲ್ಲಿ ಮಂಜಿನ ಹಾಗೆ ಬೆಳಕಿನ ಪಟ್ಟೆ ಇದ್ರೆ ವ್ಯೂಫೈಂಡರಿಂದ ಬೆಳಕು ಒಳಗೆ ಹೋಗಿದೆ, ಕಪ್ಪು ಟೇಪ್ ಅಂಟಿಸಿ. ಕಪ್ಪು ಕಂಬದಲ್ಲಿ ಬಿಳಿ ಚುಕ್ಕೆಗಳಿದ್ದು ಎಲ್ಲ ಫ್ರೇಮಲ್ಲೂ ಅದೇ ಜಾಗದಲ್ಲಿದ್ರೆ ಹಾಟ್ ಪಿಕ್ಸೆಲ್, ಮೀಡಿಯನ್ನಿಗೆ ಅದು ಹೋಗುವುದಿಲ್ಲ, ಲೆನ್ಸ್ ಮುಚ್ಚಿ ಅಷ್ಟೇ ಸೆಕೆಂಡಿನ ಒಂದು ಫ್ರೇಮ್ ತೆಗೆದು ಕಳೆಯಬೇಕು. ಪ್ರತಿ ಫೋಟೋ ಆದ ಮೇಲೆ ಕ್ಯಾಮೆರಾ 34 ಸೆಕೆಂಡ್ ಸುಮ್ಮನೆ ಕೂತ್ರೆ ಹಾಳಾದದ್ದಲ್ಲ, ಆ ಕೆಲಸವನ್ನೇ ಅದು ತಾನಾಗಿ ಮಾಡ್ತಾ ಉಂಟು.

ಇದೆಲ್ಲ ಎಂತಕ್ಕೆ, ಬೆಳಗ್ಗೆ ಬೇಗ ಹೋದ್ರೆ ಆಗುವುದಿಲ್ವಾ ಅಂತ ಕೇಳಬಹುದು. ಆಗ್ತದೆ. ಮಂಗಳೂರಿಂದ ಮಾವೇಲಿ ರೈಲು ಹತ್ತಿದ್ರೆ ಬೆಳಗ್ಗಿನ ಜಾವವೇ ಆಲಪ್ಪುಳದಲ್ಲಿ ಇಳಿಸ್ತದೆ, ಸ್ಟೇಷನ್ನಿಂದ ಬೀಚ್ ಹತ್ತಿರ, ಚಾ ಕುಡಿದು ನಡೆದೇ ಹೋಗಬಹುದು. ಆದ್ರೆ ಅದು ಪಡುವಣ ಕಡಲು, ಬೆಳಗ್ಗೆ ಬೆಳಕು ನಿಮ್ಮ ಬೆನ್ನ ಹಿಂದಿಂದ ಬರ್ತದೆ, ಕಂಬ ಸಂಜೆಯ ಹಾಗೆ ಕಡುಕಪ್ಪು ಆಗುವುದಿಲ್ಲ, ತುಕ್ಕಿನ ಪದರ ಪದರ ಕಾಣ್ತದೆ, ಅದು ಬೇರೆಯೇ ಫೋಟೋ. ನಾನು ಮೂರನೇ ಸಲ ಹಾಗೇ ಹೋದೆ, ಆರು ಗಂಟೆಗೆ ಇಡೀ ಬೀಚಲ್ಲಿ ನಾಲ್ಕೈದು ಜನ, ಮೀಡಿಯನ್ ಅವರನ್ನೆಲ್ಲ ಸುಲಭದಲ್ಲಿ ತೆಗೀತು. ಒಂದು ಬೀದಿನಾಯಿ ಮಾತ್ರ ಎಡದಿಂದ ಮೂರನೇ ಕಂಬದ ಬುಡದಲ್ಲಿ ಸುರುಳಿ ಸುತ್ತಿ ಮಲಗಿತ್ತು, 15 ಫ್ರೇಮಲ್ಲೂ ಅಲ್ಲೇ, ಕಿವಿ ಸಮೇತ ಅಲ್ಲಾಡಿಸಿಲ್ಲ. "ಚೇಟ್ಟಾ" ಅಂತ ಕರೆದು ನೋಡಿದೆ, ಏಳ್ಲಿಲ್ಲ. ಗೋಡೆಯಲ್ಲಿ ಹಾಕಿದ ಪ್ರಿಂಟಲ್ಲಿ ಈಗಲೂ ಅಲ್ಲೇ ಉಂಟು.